ಮಂಟಯ್ಯನವರ ಜೀಪು: ಒಂಬತ್ತನೆಯ ದಿನ

ಬಾಗಿಲು ತೆರೆದ ಕೂಡಲೇ ಬೇಯಿಸಿದ ಹೊಗೆಸೊಪ್ಪಿನ ಹಳೆಯ ವಾಸನೆ ಮೂಗಿಗೆ ಬಂತು. ಬೆಲ್ಲದ ಕೊಪ್ಪರಿಗೆಯ ಪಕ್ಕ ಒಣಹುಲ್ಲು ಹಾಸಿಕೊಂಡು ಮಲಗಿದ ಹಾಗಿನ ವಾಸನೆ. ಸುನಂದಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟರು.

ಏಳು ವರ್ಷದ ಹುಡುಗಿಯಾಗಿದ್ದಾಗ, ಪಿರಿಯಾಪಟ್ಟಣದ ಅಜ್ಜಿಯ ಮನೆಯಲ್ಲಿ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಿಸಿ ಗೋಡೆಗೆ ಬೆನ್ನು ಕೊಟ್ಟು ಕುಳಿತರೆ ಆಷಾಢದ ಚಳಿ ಹತ್ತಿರ ಸುಳಿಯುತ್ತಿರಲಿಲ್ಲ. ಸೊಪ್ಪು ಕಟ್ಟುವ ಹೆಂಗಸರಲ್ಲಿ ಯಾರೋ ಒಬ್ಬರು ಒಲೆಯ ಕೆಂಡದಲ್ಲಿ ಜೋಳದ ತೆನೆ ಸುಟ್ಟು ತಂದು ಕೈಗಿಡುತ್ತಿದ್ದರು. ಆಕೆಯ ಮುಖ ಮರೆತುಹೋಗಿದೆ. ತೆನೆಯ ಬಿಸಿ ಇನ್ನೂ ಅಂಗೈಯಲ್ಲಿದೆ.

ಕಣ್ಣು ಕತ್ತಲೆಗೆ ಹೊಂದಿಕೊಂಡಿತು. ಶೆಡ್ಡಿನ ನಡುವೆ ನೀಲಿ ಟಾರ್ಪಾಲು ಹೊದ್ದು ಏನೋ ನಿಂತಿತ್ತು. ಸುನಂದಮ್ಮ ಒಂದು ಮೂಲೆ ಎತ್ತಿದರು. ಹಸಿರು ಬಾನೆಟ್. ಎಡಗಡೆಯ ಮಡ್‌ಗಾರ್ಡಿನಲ್ಲಿ ತೆಂಗಿನಕಾಯಿ ಗಾತ್ರದ ತಗ್ಗು.

ಒಂಬತ್ತು ದಿನಗಳ ಹಿಂದೆ ಹುಣಸೂರಿನ ಹೊರಗಿನ ವೆಂಕಟೇಶನ ಗ್ಯಾರೇಜಿನ ಅಂಗಳದಿಂದ ಮಾಯವಾಗಿದ್ದ ಜೀಪು ಇದೇ. ಹಾರನಹಳ್ಳಿ ಕಡೆಯ ರೈತ ಚಲುವರಾಜುವಿನದು, ಅವನ ತಂದೆ ದಿವಂಗತ ಮಂಟಯ್ಯನವರು ಓಡಿಸಿದ್ದು. ಮೆಕ್ಯಾನಿಕ್ಕೇ ಬಿಚ್ಚಿ ಮಾರಿದ್ದಾನೆಂದು ಚಲುವರಾಜು ದೂರು ಕೊಟ್ಟಿದ್ದ. ಪೊಲೀಸರು ವೆಂಕಟೇಶನನ್ನು ದಿನಾ ಕರೆಸಿ ಕೂರಿಸಿಕೊಳ್ಳುತ್ತಿದ್ದರು. ಇವತ್ತು ಸಂಜೆ ಐದಕ್ಕೆ ಅವನ ಮೇಲೆ ಕಳ್ಳತನದ ಕೇಸು ದಾಖಲಾಗುವುದಿತ್ತು.

ಸುನಂದಮ್ಮ ಆರ್‌ಟಿಓ ಕಚೇರಿಯಲ್ಲಿ ಗಾಡಿ ಪರೀಕ್ಷಿಸುವ ಬ್ರೇಕ್ ಇನ್ಸ್‌ಪೆಕ್ಟರ್ ಆಗಿದ್ದವರು. ನಿವೃತ್ತರಾಗಿ ಎಂಟು ವರ್ಷ. ಹಿಂದೊಮ್ಮೆ ಬಿಳಿಕೆರೆ ದಾಟಿ ಸ್ಕೂಟಿ ಪಂಕ್ಚರಾಗಿ ನಿಂತಾಗ, ದಾರಿಯಲ್ಲಿ ಹೋಗುತ್ತಿದ್ದ ವೆಂಕಟೇಶ ಇಳಿದು ಚಕ್ರ ಸರಿಮಾಡಿ, ಹೆಸರನ್ನೂ ಹೇಳದೆ ಹೋಗಿದ್ದ; ಯಾರೆಂದು ಆಮೇಲೆ ತಿಳಿಯಿತು. ಜೀಪು ಹುಡುಕಿಕೊಡಿ ಎಂದು ಅವನ ಹೆಂಡತಿ ಬಂದು ಬಾಗಿಲಲ್ಲಿ ಅತ್ತಾಗ ಸುನಂದಮ್ಮ ಇಲ್ಲವೆನ್ನಲಿಲ್ಲ.

ಶೆಡ್ಡು ಸಿಕ್ಕಿದ್ದು ಹೊಗೆಯಿಂದ. ಹೊಗೆ ಇಲ್ಲದ್ದರಿಂದ ಎಂದರೆ ಸರಿ. ಸೊಪ್ಪು ಬೇಯಿಸುವ ಈ ತಿಂಗಳಲ್ಲಿ ಹುಣಸೂರಿನಿಂದ ಪಿರಿಯಾಪಟ್ಟಣದವರೆಗೆ ಬ್ಯಾರನ್ನುಗಳೆಲ್ಲ ಉರಿಯುತ್ತವೆ. ಒಂದು ಮಾತ್ರ ತಣ್ಣಗಿತ್ತು; ಅದರ ಪಕ್ಕದ ಶೆಡ್ಡಿಗೆ ಹೊಸ ಬೀಗವಿತ್ತು. ಮೈಸೂರಿನಲ್ಲಿರುವ ಜಮೀನಿನವರಿಗೆ ಫೋನು ಮಾಡಿದರೆ, "ನಾನ್ಯಾವತ್ತೂ ಬೀಗ ಹಾಕಿಲ್ಲ ಮೇಡಂ, ತೆಗೆದು ನೋಡಿ" ಎಂದರು. ಈ ಕಡೆ ಬೀಗದ ಕೈ ಎಲ್ಲಿಡುತ್ತಾರೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಬಾಗಿಲ ಮೇಲಿನ ಹೆಂಚಿನ ಸಂದಿಗೆ ಕೈ ಹಾಕಿದರೆ ಸಿಕ್ಕಿತ್ತು.

ಟಾರ್ಪಾಲನ್ನು ಪೂರ್ತಿ ಎಳೆದು ಸುನಂದಮ್ಮ ಜೀಪಿನ ಸುತ್ತ ಒಂದು ಸುತ್ತು ಬಂದರು.

ವೆಂಕಟೇಶನ ಮೂರು ವರ್ಷದ ಕೆಲಸ ಅದು. ಕೆಸರನ್ನು ಕಚ್ಚಿ ಹಿಡಿಯುವ ದಪ್ಪ ಹಲ್ಲಿನ ಟೈರು. ಎರಡಿಂಚು ಎತ್ತರಿಸಿದ ಮೈ. ಹೊಳೆಯಲ್ಲಿ ಇಳಿದರೂ ಎಂಜಿನ್ನಿಗೆ ನೀರು ಹೋಗದಂತೆ ಗಾಜಿನ ಮಟ್ಟಕ್ಕೆ ಏರಿಸಿದ ಗಾಳಿಯ ಕೊಳವೆ. ಮುಂದೆ, ಹೂತುಕೊಂಡರೆ ತನ್ನನ್ನು ತಾನೇ ಎಳೆದುಕೊಳ್ಳಲು ವಿಂಚು. ಇಷ್ಟೆಲ್ಲ ಮಾಡಿದವನು ಮಡ್‌ಗಾರ್ಡಿನ ತಗ್ಗನ್ನು ಮಾತ್ರ ಬಡಿದು ಸರಿಮಾಡಿರಲಿಲ್ಲ. ಹೊಗೆಸೊಪ್ಪಿನ ಹರಾಜಿಗೆ ಬೇಲು ಹೇರಿಕೊಂಡು ಹೋದಾಗ ಮಂಟಯ್ಯನವರು ಕಂಬಕ್ಕೆ ತಾಗಿಸಿದ ಗುರುತಂತೆ. ಬಣ್ಣವನ್ನು ಅದರೊಳಗೂ ನಯವಾಗಿ ಬಳಿದಿದ್ದ.

ಇನ್ನು ಕದ್ದವರ ಕೆಲಸ. ಸುನಂದಮ್ಮ ಕನ್ನಡಕ ಹಾಕಿಕೊಂಡರು.

ಅಚ್ಚಿನಡಿಗೆ ಕಲ್ಲು ಕೊಟ್ಟು ನಾಲ್ಕು ಚಕ್ರವನ್ನೂ ನೆಲದಿಂದ ಎತ್ತಿದ್ದರು, ನಿಂತಲ್ಲೇ ನಿಂತು ಟೈರು ಕೆಡಬಾರದೆಂದು. ಬ್ಯಾಟರಿಯ ವೈರು ಬಿಚ್ಚಿ, ತುದಿಗೆ ಬಟ್ಟೆ ಸುತ್ತಿದ್ದರು. ಗಾಜಿನ ಮೇಲೆ ಒಂದು ಹಕ್ಕಿಯ ಹಿಕ್ಕೆಯೂ ಇರಲಿಲ್ಲ.

ಮಾರುವವರು ಹೀಗೆ ನೋಡಿಕೊಳ್ಳುವುದಿಲ್ಲ.

ಡ್ರೈವರ್ ಸೀಟು ಸ್ಟೀರಿಂಗಿಗೆ ತಾಗುವಷ್ಟು ಮುಂದಕ್ಕೆ ಬಂದಿತ್ತು. ಮೇಲೆ ನಾಲ್ಕು ಮಡಿಕೆ ಗೋಣಿಚೀಲ. ವೆಂಕಟೇಶ ಆರಡಿ ಆಳು, ಚಲುವರಾಜುವೂ ಹಾಗೇ. ಇಲ್ಲಿ ಕುಳಿತವರ ತಲೆ ಗಾಜಿನ ಅರ್ಧಕ್ಕೂ ಬರುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಚಲುವರಾಜು ಕೆಸರಿನ ಜೀಪು ಪಂದ್ಯಕ್ಕೆಂದು ಕೊಂಡ ದೊಡ್ಡ ಹೆಲ್ಮೆಟ್ ಇತ್ತು. "ಎಲ್ಮೆಟ್ ಆಕಂಡಿದ್ದ ಉಡ್ಗ ಯಾರೋ ಜೀಪ್ನಲ್ಲಿ ಕೆರೆ ಏರಿ ಮ್ಯಾಲೆ ಓದ" ಎಂದು ಇಬ್ಬರು ಸಾಕ್ಷಿ ಹೇಳಿದ್ದರು. ಸುನಂದಮ್ಮ ಹೆಲ್ಮೆಟ್ಟನ್ನು ಮೂಗಿನ ಹತ್ತಿರ ಹಿಡಿದರು. ತಲೆಗೆ ಹಚ್ಚುವ ಹರಳೆಣ್ಣೆಯ ವಾಸನೆ.

ಬಾನೆಟ್ ಎತ್ತಿದರು. ವೈರಿನ ಉದ್ದಕ್ಕೂ ಒಣ ಹೊಗೆಸೊಪ್ಪಿನ ಹಿಡಿಗಳನ್ನು ದಾರದಲ್ಲಿ ಕಟ್ಟಿದ್ದರು. ಇಲಿ ಬಾರದಿರಲೆಂದು. ಕಡ್ಡಿಗೆ ಸೊಪ್ಪು ಕಟ್ಟುವ ಕಟ್ಟೇ ಅದು: ಒಂದು ಹಿಡಿ ಈಚೆ, ಒಂದು ಹಿಡಿ ಆಚೆ, ನಡುವೆ ಗಂಟಿಲ್ಲದ ಕುಣಿಕೆ. ಬೆಂದ ಮೇಲೆ ದಾರದ ತುದಿ ಎಳೆದರೆ ಇಡೀ ಕಡ್ಡಿಯ ಸೊಪ್ಪು ಜರ್ರನೆ ಉದುರಬೇಕು. ಅಜ್ಜಿ ಕಲಿಸಿದ್ದರು.

ಸುನಂದಮ್ಮ ಬಲತುದಿ ಹಿಡಿದು ಎಳೆದರು. ಉದುರಲಿಲ್ಲ, ಇನ್ನೂ ಬಿಗಿಯಿತು. ಎಡತುದಿ ಹಿಡಿದು ಎಳೆದರು. ಹನ್ನೊಂದು ಹಿಡಿಯೂ ಒಂದೇ ಸಲಕ್ಕೆ ಬಿದ್ದವು.

ಕಟ್ಟಿದವರು ಎಡಚರು. ವೆಂಕಟೇಶನ ಕೆಲಸವೆಲ್ಲ ಬಲಗೈಯದು, ಅಲ್ಲದೆ ಅವನು ಚುಂಚನಕಟ್ಟೆಯ ಭತ್ತದ ಸೀಮೆಯವನು. ಅವನಿಗೆ ನಾಟಿ ಗೊತ್ತು, ಸೊಪ್ಪು ಕಟ್ಟುವುದು ಗೊತ್ತಿಲ್ಲ.

ಬರುತ್ತಿದ್ದ ನಗುವನ್ನು ತಡೆದು ಸುನಂದಮ್ಮ ಕೊನೆಯ ಕೆಲಸಕ್ಕೆ ಬಗ್ಗಿದರು. ಮೂವತ್ತು ವರ್ಷದ ಅಭ್ಯಾಸ. ಜೀಪಿನ ಅಡಿಗಟ್ಟಾದ ಚಾಸಿಯ ಕಬ್ಬಿಣದ ಮೇಲೆ ಕೊರೆದ ನಂಬರನ್ನು ಬಟ್ಟೆಯಿಂದ ಒರೆಸಿ, ತೆಳು ಕಾಗದ ಒತ್ತಿ, ಪೆನ್ಸಿಲನ್ನು ಅಡ್ಡಡ್ಡ ಉಜ್ಜಿದರು. ಕಪ್ಪಿನಲ್ಲಿ ಬಿಳಿ ಅಂಕಿಗಳು ಒಂದೊಂದಾಗಿ ಎದ್ದವು. ಫೋನಿನಲ್ಲಿದ್ದ ದೂರಿನ ಪ್ರತಿಯ ಪಕ್ಕ ಹಿಡಿದರು.

ದೂರಿನಲ್ಲಿದ್ದ ಕೊನೆಯ ನಾಲ್ಕು ಅಂಕಿ 4716. ಕಾಗದದಲ್ಲಿ ಎದ್ದದ್ದು 2093.

ಇನ್ನೊಂದು ಕಾಗದ ತೆಗೆದು ಮತ್ತೆ ಉಜ್ಜಿದರು. 2093.

ಅದು ಮಂಟಯ್ಯನವರ ಜೀಪೇ. ಆದರೆ ಮಂಟಯ್ಯನವರ ಜೀಪಿನ ನಂಬರು ಅದಲ್ಲ.

*

ಚಲುವರಾಜುವಿನ ಮನೆ ಅಲ್ಲಿಂದ ಅರ್ಧ ಮೈಲಿ. ಜಗಲಿಯ ಮೇಲೆ ನಾಲ್ವರು ಹೆಂಗಸರು ಹಸಿ ಸೊಪ್ಪಿನ ಗುಡ್ಡೆಯ ಸುತ್ತ ಕುಳಿತು ಕಡ್ಡಿಗೆ ಕಟ್ಟುತ್ತಿದ್ದರು. ಮೂವರ ಕಡ್ಡಿ ಬಲದಿಂದ ತುಂಬುತ್ತ ಬರುತ್ತಿತ್ತು. ನಾಲ್ಕನೆಯವರದು ಎಡದಿಂದ. ಆಕೆ ಚಲುವರಾಜುವಿನ ತಾಯಿ, ಮಲ್ಲಾಜಮ್ಮ. ಎಪ್ಪತ್ತು ದಾಟಿದ, ಐದಡಿಗೂ ಕಡಿಮೆ ಇದ್ದ ಹೆಂಗಸು.

"ಬನ್ನಿ ಮೇಡಮ್ಮೋರೆ, ಕೂತ್ಕಳಿ. ಚಲುವ ಸ್ಟೇಷನ್ ತಾವ್ಕೆ ಓಗವ್ನೆ."

"ನಿಮ್ಮನ್ನೇ ನೋಡೋಣ ಅಂತ ಬಂದೆ."

"ನನ್ನಲ್ಲೇನೈತವ್ವ ನೋಡಕೆ? ಮೂರಲ್ಲು ಓಗವೆ, ಉಳ್ದವು ಅಳ್ಳಾಡ್ತವೆ."

ಹೆಂಗಸರು ನಕ್ಕರು. ಒಬ್ಬಾಕೆ ತಾನು ಕುಳಿತಿದ್ದ ಚಾಪೆಯನ್ನು ಎಳೆದು ಸುನಂದಮ್ಮನಿಗೆ ಹಾಸಿ, ತಾನು ಬರಿನೆಲದಲ್ಲಿ ಕುಳಿತಳು. ಸುನಂದಮ್ಮ ಒಂದು ಹಿಡಿ ಸೊಪ್ಪು ಎತ್ತಿಕೊಂಡು ಕಟ್ಟತೊಡಗಿದರು.

"ಅಯ್ಯೋ, ಕೈಯೆಲ್ಲ ಅಂಟಾಯ್ತದೆ, ಬುಡಿ ಮೇಡಮ್ಮೋರೆ!"

"ಅಂಟಲಿ ಬಿಡಿ. ಅರವತ್ತು ವರ್ಷ ಆಯ್ತು ಕಟ್ಟಿ."

ಹೊಲದಿಂದ ಟ್ರ್ಯಾಕ್ಟರಿನ ಹಾರನ್ ಕೇಳಿತು. ಮೂವರೂ ಸೊಪ್ಪು ಇಳಿಸಲು ಎದ್ದು ಹೋದರು. ಸುನಂದಮ್ಮ ಚೀಲದಿಂದ ಸುಕ್ಕುಸುಕ್ಕಾದ ದಾರವನ್ನು ತೆಗೆದು ಇಬ್ಬರ ನಡುವೆ ಇಟ್ಟರು.

"ಇದು ಜೀಪಿನ ವೈರಿಗೆ ಕಟ್ಟಿತ್ತು, ಮಲ್ಲಾಜಮ್ಮ."

"ಇಲಿ ಬಿದ್ರೆ ವೈರು ಉಳಿಯಾಕಿಲ್ಲ ಕಣವ್ವ," ಎಂದುಬಿಟ್ಟರು ಮಲ್ಲಾಜಮ್ಮ. ಮಾತು ಹೊರಟ ಮೇಲೆ ಬಾಯಿಗೆ ಸೆರಗು ಒತ್ತಿಕೊಂಡರು.

ಸುನಂದಮ್ಮ ದಾರವನ್ನು ಆಕೆಯ ಕಡೆ ಸರಿಸಿದರು.

"ಜೀಪನ್ನ ನೀವೇ ಓಡಿಸಿದಿರಾ?"

"ಇನ್ನೇನು, ತಲೆ ಮ್ಯಾಲೆ ಒತ್ಕಂಡೋದ್ನ?"

"ಯಾರು ಕಲಿಸಿದ್ದು?"

ಮಲ್ಲಾಜಮ್ಮನ ಮುಖ ಸಡಿಲವಾಯಿತು. "ಇನ್ಯಾರು? ಅವ್ರೇಯ. ಒಂದ್ಸಲ ಕೆರೆ ಒಣ್ಗಿತ್ತು. ದಿನಾ ಬೆಳಗಾನ ಎಮ್ಮೆ ಕಟ್ಟಾಕೆ ಓಗದು ಅಂತ ಏಳಿ ಕರ್ಕಂಡೋಗವ್ರು. ಕೆರೆ ತುಂಬ ಸುತ್ತುದ್ದೇ ಸುತ್ತುದ್ದು. ಒಂದಿನ ಗೇರು ಬೀಳ್ದೆ ಅಳ್ತಾ ಕೂತ್ಕಂಡೆ. ಅದ್ಕವ್ರು, 'ಅದುಕ್ ಬಯ್ಯಬ್ಯಾಡ ಕಣಮ್ಮಿ, ಮೆಲ್ಲುಕ್ ಕೇಳು, ಕೊಡ್ತದೆ' ಅಂದ್ರು. ಕೇಳ್ದೆ, ಕೊಡ್ತು."

"ಮಗನಿಗೆ ಗೊತ್ತಿಲ್ವಾ?"

"ಊರ್ನೋರು ಆಡ್ಕತಾರೆ ಅಂತ ನಾನೇ ಯಾರ್ಗೂ ಏಳ್ಬ್ಯಾಡಿ ಅಂದಿದ್ದೆ. ಅವ್ರು ಓದ್ರು, ಮಾತೂ ಅಲ್ಗೇ ನಿಂತೋಯ್ತು. ಆ ಭಾನುವಾರ ಗ್ಯಾರೇಜ್ನಲ್ಲಿ ಯಾರೂ ಇರ್ನಿಲ್ಲ. ಚಲುವನ ಮಂಕ್ರಿಯಂಗಿರ ಎಲ್ಮೆಟ್ ಐತಲ್ಲ, ಅದ ತಲೆಗಾಕಂಡೆ. ಮಂಕ್ರಿ ಒಳ್ಗೆ ಮಲ್ಲಾಜಿ ಅವ್ಳೆ ಅಂತ ಯಾರ್ಗೊತ್ತಾಯ್ತದೆ?"

ಸುನಂದಮ್ಮನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಹೇಳಲೇಬೇಕಾದ್ದನ್ನು ಹೇಳಿದರು.

"ಒಂಬತ್ತು ದಿನದಿಂದ ವೆಂಕಟೇಶ ಠಾಣೆ ಬೆಂಚಿನ ಮೇಲೆ ಕೂತಿದ್ದಾನೆ. ಸಂಜೆ ಐದಕ್ಕೆ ಕೇಸು ಬರೀತಾರೆ. ಆಮೇಲೆ ಅವನ ಗ್ಯಾರೇಜಿಗೆ ಯಾರು ಗಾಡಿ ಬಿಡ್ತಾರೆ?"

ಸೊಪ್ಪು ಕಟ್ಟುತ್ತಿದ್ದ ಮಲ್ಲಾಜಮ್ಮನ ಎಡಗೈ ನಿಂತಿತು.

"ಎರಡ್ ದಿನ ಉಡುಕಿ ಸುಮ್ಕಾಯ್ತಾರೆ ಅಂದ್ಕಂಡಿದ್ದೆ ಕಣವ್ವ. ಆ ಯಪ್ಪನ್ನ ಇಡ್ಕತಾರೆ ಅಂತ ದೇವ್ರಾಣೆ ಗೊತ್ತಿರ್ನಿಲ್ಲ. ಚಲುವ ಎಂಜಿನ್ ಬದ್ಲಾಯ್ಸಕೆ ಆಪೀಸಿಗೆ ಬರ್ದವ್ನೆ, ಸೋಮ್ವಾರ ಆಪೀಸ್ನೋರು ಬಂದು ನಂಬರ್ ಪ್ರಿಂಟು ತಗೀತಾರೆ ಅಂತ ವೆಂಕಟೇಶ್ನೇ ನಂಗೆ ಎರಡ್ಸಲ ಏಳ್ದ. ನಂಗೆ ಎದೆ ವಡ್ಕತು."

"ಪ್ರಿಂಟು ತೆಗೆದ್ರೆ ಇದು ಬರ್ತಿತ್ತು ಅಂತ ತಾನೆ?" ಸುನಂದಮ್ಮ ಪೆನ್ಸಿಲಿನಿಂದ ಉಜ್ಜಿದ ಕಾಗದವನ್ನು ಬಿಡಿಸಿದರು.

ಮಲ್ಲಾಜಮ್ಮ ಅದನ್ನು ಮುಟ್ಟಲಿಲ್ಲ. ಎದ್ದು ಒಳಗೆ ಹೋಗಿ, ಟ್ರಂಕಿನ ಬಾಯಿ ತೆರೆದ ಸದ್ದಾಗಿ, ಬಟ್ಟೆಯಲ್ಲಿ ಸುತ್ತಿದ ಹಳೆಯ ಆರ್‌ಸಿ ಪುಸ್ತಕದೊಂದಿಗೆ ಬಂದರು. ಚಲುವರಾಜುವಿನ ಹತ್ತಿರ ಇದ್ದದ್ದು ಅದರ ಮೊದಲ ಪುಟದ ನಕಲು ಮಾತ್ರ.

"ಮಿಲ್ಟ್ರಿ ಅರಾಜ್ನಲ್ಲಿ ತಕ್ಕಂಡ್ರಲ್ಲ, ಆಗ ಮಾಡ್ಸಿದ್ ಬುಕ್ಕು. ಆಪೀಸರ್ ಸೈನು ನೋಡಿ. ಮೂರ್ನೇ ಹಾಳೆ."

ಮೂರನೆಯ ಹಾಳೆಯಲ್ಲಿ ನೀಲಿ ಶಾಯಿ ಕಂದಿತ್ತು. ಚಾಸಿ ನಂಬರು 4716, ಪರಿಶೀಲಿಸಿದೆ, ಸರಿಯಿದೆ. ಕೆಳಗೆ ಸಹಿ. ಸುನಂದಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

ಸಹಿ ಅವರದೇ.

ಮೂವತ್ತೇಳು ವರ್ಷ. ಆಗ ಸುನಂದಮ್ಮ ಎಂಟು ತಿಂಗಳ ಬಸುರಿ. ಬಿಸಿಲಿನಲ್ಲಿ ಸಾಲು ನಿಂತ ಗಾಡಿಗಳ ಅಡಿಗೆ ಬಗ್ಗಿ ಬಗ್ಗಿ ಏಳುವಾಗ ತಲೆ ತಿರುಗುತ್ತಿತ್ತು. ಕೊನೆಯ ಜೀಪಿನ ಯಜಮಾನ, ಬಿಳಿ ಅಂಗಿಯ ಮನುಷ್ಯ, ಎಲ್ಲಿಂದಲೋ ಸ್ಟೂಲು ತಂದು ನೆರಳಿನಲ್ಲಿ ಇಟ್ಟಿದ್ದರು. "ನೀವು ಬಗ್ಗಬ್ಯಾಡಿ ತಾಯಿ, ಕಾಗ್ದ ಪೆನ್ಸಿಲ್ ಇತ್ತ ಕೊಡಿ" ಎಂದು ತಾವೇ ಜೀಪಿನಡಿ ಮಲಗಿ ಪ್ರಿಂಟು ತೆಗೆದುಕೊಟ್ಟಿದ್ದರು. ಆಮೇಲೆ ಒಂದು ಲೋಟ ಮಜ್ಜಿಗೆ ತರಿಸಿದ್ದರು. ಸುನಂದಮ್ಮ ಆ ಕಾಗದ ನೋಡಿ ಸಹಿ ಹಾಕಿದ್ದರು. ಜೀಪಿನಡಿ ನೋಡಿರಲಿಲ್ಲ.

ಆ ಸ್ಟೂಲಿನ ಕತೆಯನ್ನು ಮಗಳಿಗೆ ಎಷ್ಟು ಸಲ ಹೇಳಿದ್ದರು! ನೀನು ಹುಟ್ಟುವ ಮೊದಲೇ ಯಾರೋ ಒಬ್ಬರು ನಿನಗೋಸ್ಕರ ಮಣ್ಣಿನಲ್ಲಿ ಮಲಗಿದ್ದರು ಕಣೆ, ಎಂದು. ಆ ಬಿಳಿ ಅಂಗಿಯವರ ಹೆಸರು ಗೊತ್ತಾದದ್ದು ಈಗ.

"ಮಂಟಯ್ಯನವರಿಗೆ ಗೊತ್ತಿತ್ತಾ? ಗೊತ್ತಿದ್ದೇ ಬೇರೆ ಪ್ರಿಂಟು ಕೊಟ್ರಾ?" ಕೇಳುವಾಗ ಸುನಂದಮ್ಮನ ದನಿ ಅವರಿಗೇ ಕೇಳಿಸದಷ್ಟು ಸಣ್ಣಗಿತ್ತು.

"ಅದ ಏಳ್ಬೇಕು ಅಂದ್ರೆ ಬುಕ್ಕಲ್ಲಿರ ನಂಬರ್ನ ಇನ್ನೊಂದ್ ಜೀಪಿನ ವಿಷ್ಯ ಏಳ್ಬೇಕಾಯ್ತದೆ. ಚಲುವಂಗೆ ಅದು ಗೊತ್ತಾಗ್ಬಾರ್ದು. ಅಪ್ಪನ ಜೀಪು ಅಂತ ಪ್ರಾಣ ಮಡಿಕಂಡವ್ನೆ." ಮಲ್ಲಾಜಮ್ಮ ಸೊಪ್ಪಿನ ಅಂಟನ್ನು ಅಂಗೈಯಿಂದ ಉಜ್ಜಿ ತೆಗೆಯುತ್ತಿದ್ದರು. "ಈಗ ಏಳಿ ಮೇಡಮ್ಮೋರೆ. ಜೀಪು ತಕ್ಕಂಡೋಗಿ ನಿಲ್ಸುದ್ರೆ ಆ ಯಪ್ಪನ್ನ ಬುಡ್ತಾರಲ್ವ?"

"ನಂಬರು ಕೇಳದಿದ್ರೆ ಬಿಡ್ತಾರೆ. ಕೇಳಿದ್ರೆ, ಮೂರು ವರ್ಷ ಗ್ರೈಂಡರು ವೆಲ್ಡಿಂಗು ಇಟ್ಕೊಂಡು ಈ ಜೀಪಿನ ಜೊತೆ ಇದ್ದವನು ಅವನು. ನಂಬರನ್ನ ಕೊರೆದು ಬದಲಾಯಿಸಿದ್ದು ಅವನೇ ಅಂತಾರೆ. ಅಲ್ಲ ಅಂತ ತೋರಿಸೋಕೆ ಒಂದೇ ದಾರಿ."

"ಯಾವ್ದು?"

"ನಾನು ಅವತ್ತು ನೋಡದೇ ಸಹಿ ಹಾಕಿದ್ದೆ ಅಂತ ಬರೆದುಕೊಡೋದು."

ಮಲ್ಲಾಜಮ್ಮ ಸೊಪ್ಪಿನ ಕಡ್ಡಿಯನ್ನು ಗೋಡೆಗೆ ಒರಗಿಸಿ ಎದ್ದರು. ಆಮೇಲೆ, "ಒಂದ್ ಗಳಿಗೆ ಇರಿ" ಎಂದು ಅಡಿಗೆಮನೆಗೆ ಹೋದರು.

*

ಜಾಕು ಕೊಟ್ಟು ಕಲ್ಲುಗಳನ್ನು ತೆಗೆದು, ಬ್ಯಾಟರಿ ಜೋಡಿಸಿದ ಮೇಲೆ ಎಂಜಿನ್ನು ಮೊದಲ ಸಲಕ್ಕೇ ಎದ್ದಿತು. ಮಲ್ಲಾಜಮ್ಮ ಗೋಣಿಯ ಮೇಲೆ ಏರಿ ಕುಳಿತು, ಸೀರೆಯನ್ನು ಮಂಡಿಯವರೆಗೆ ಸೆಕ್ಕಿಕೊಂಡರು.

"ಲೈಸೆನ್ಸ್ ಇದೆಯಾ?"

"ನೀವು ರಿಟೇರಾಗಿದ್ದೀರಲ್ವ?"

ಶೆಡ್ಡಿನಿಂದ ರಸ್ತೆಗೆ ಇದ್ದದ್ದು ಹೊಲದ ದಾರಿ. ತೂಬಿನ ಹತ್ತಿರ ದಾರಿಯೂ ಇರಲಿಲ್ಲ, ಮೊಣಕಾಲುದ್ದ ಕೆಂಪು ಕೆಸರು. ಮಲ್ಲಾಜಮ್ಮ ನಿಂತು, ಸಣ್ಣ ಗೇರಿನ ಕಡ್ಡಿಯನ್ನು ಎಡಗೈಯಿಂದ ಹಿಂದಕ್ಕೆ ಎಳೆದರು. ನಾಲ್ಕು ಚಕ್ರಕ್ಕೂ ಜೀವ ಬಂತು. ಜೀಪು ಅವಸರ ಮಾಡಲಿಲ್ಲ. ಹೊಟ್ಟೆಯವರೆಗೆ ಇಳಿದು, ಒಂದು ಕಡೆಗೆ ವಾಲಿ, ಗಾಜಿಗೆಲ್ಲ ಕೆಸರು ಎರಚಿಕೊಂಡು, ಎಮ್ಮೆ ಕೆರೆಯಿಂದ ಏಳುವ ಹಾಗೆ ನಿಧಾನವಾಗಿ ಆಚೆ ದಡಕ್ಕೆ ಎದ್ದಿತು.

"ನೋಡುದ್ರಾ! ಕೇಳುದ್ರೆ ಕೊಡ್ತದೆ!" ಮಲ್ಲಾಜಮ್ಮ ಕೂಗಿದರು. ಆ ಕೂಗಿನಲ್ಲಿ ಎಪ್ಪತ್ತರ ಸುಳಿವಿರಲಿಲ್ಲ.

ಸುನಂದಮ್ಮ ಎರಡು ಕೈಯಲ್ಲೂ ಸರಳು ಹಿಡಿದು ನಗುತ್ತಿದ್ದರು. ಕೆನ್ನೆಯ ಮೇಲೆ ಕೆಸರಿತ್ತು. ಮೂವತ್ತು ವರ್ಷ ಸಾವಿರಾರು ಗಾಡಿಗಳ ಅಡಿಗೆ ಬಗ್ಗಿದವರು ಒಂದು ಗಾಡಿಯೊಳಗೆ ಕುಳಿತು ಹೀಗೆ ನಕ್ಕಿರಲಿಲ್ಲ. ಇದೊಂದು ಮೈಲಿ ಮುಗಿಯದಿರಲಿ ಅನಿಸಿತು.

ಟಾರು ರಸ್ತೆ ಸಿಕ್ಕಿದ ಕೂಡಲೇ ಸುನಂದಮ್ಮ ಇಳಿದು ಡ್ರೈವರ್ ಸೀಟಿನ ಕಡೆ ಬಂದರು. "ಇಲ್ಲಿಂದ ನಾನು. ಲೈಸೆನ್ಸ್ ಇರೋದು ನನಗೆ."

ಠಾಣೆಯ ಅಂಗಳ ತಲುಪಿದಾಗ ಮೂರೂವರೆ. ಬಾಗಿಲ ಪಕ್ಕದ ಬೆಂಚಿನಲ್ಲಿ ವೆಂಕಟೇಶ ಗೋಡೆಗೆ ತಲೆಯೊರಗಿಸಿ ಕುಳಿತಿದ್ದ. ಒಂಬತ್ತು ದಿನದಲ್ಲಿ ಒಂಬತ್ತು ವರ್ಷ ಕಳೆದವನ ಹಾಗೆ ಕಾಣುತ್ತಿದ್ದ. ಎಂಜಿನ್ನಿನ ಸದ್ದಿಗೆ ಮುಖ ನೋಡದೆಯೇ ಎದ್ದು ನಿಂತ. ತಾನು ಕಟ್ಟಿದ ಎಂಜಿನ್ನನ್ನು ಯಾರೂ ಅವನಿಗೆ ತೋರಿಸಬೇಕಿರಲಿಲ್ಲ.

ಚಲುವರಾಜು ಓಡಿಬಂದು ಮಡ್‌ಗಾರ್ಡಿನ ತಗ್ಗಿನೊಳಗೆ ಅಂಗೈ ಇಟ್ಟ. ಕಣ್ಣು ತುಂಬಿತು. ಆಮೇಲೆ ಪಕ್ಕದ ಸೀಟು ಕಂಡಿತು.

"ಅವ್ವೋ! ನೀನ್ಯಾಕವ್ವ ಇದ್ರಲ್ಲಿ?"

"ನಾನೇ ಕಣ್ಲಾ ತಕ್ಕಂಡೋಗಿದ್ದು. ಎಂಜಿನ್ ಕಿತ್ತಾಕ್ತೀನಿ ಅಂತ ಕುಣೀತಿದ್ದಲ್ಲ, ಅದ್ಕೇಯ. ಮೊದ್ಲು ಆ ಯಪ್ಪನ್ತಾವ ತಪ್ಪಾಯ್ತು ಅನ್ನು. ಓಗು."

ಚಲುವರಾಜು ವೆಂಕಟೇಶನ ಕಡೆ ಎರಡು ಹೆಜ್ಜೆ ಇಟ್ಟು ನಿಂತ. ಹೊರಗೆ ಬಂದ ಸಬ್ ಇನ್ಸ್‌ಪೆಕ್ಟರ್ ಬೃಂದಾಗೆ ಹೆಲ್ಮೆಟ್ಟು, ಗೋಣಿಚೀಲ, ಮುದುಕಿ ಮೂರನ್ನೂ ನೋಡಿ ಅರ್ಥವಾಗಲು ಒಂದು ನಿಮಿಷ ಹಿಡಿಯಿತು.

"ನಾವು ಒಂಬತ್ತು ದಿನ ಹುಡುಕಿದ ಹೆಲ್ಮೆಟ್ ಹುಡುಗ ಇವರೇನಾ?" ನಗು ತಡೆದುಕೊಂಡು ಕೇಳಿದಳು. "ಮನೆಯವರೇ ತಗೊಂಡಿದ್ರೆ ಕೇಸೇ ಇಲ್ಲ ಬಿಡಿ. ಜೀಪು ಅದೇ ಅಂತ ನಂಬರ್ ತಾಳೆ ನೋಡಿ ಬರ್ಕೊಂಡ್ಬಿಡ್ತೀನಿ, ಎಲ್ಲರೂ ಮನೆಗೆ ಹೋಗಿ. ಮೇಡಂ, ನೀವು ಪ್ರಿಂಟ್ ತೆಗೆದಿರ್ತೀರ. ಬೆರಳೆಲ್ಲ ಪೆನ್ಸಿಲ್ ಆಗಿದೆ."

ಸುನಂದಮ್ಮ ತಮ್ಮ ಬೆರಳು ನೋಡಿಕೊಂಡರು.

ಚಲುವರಾಜು ಉತ್ಸಾಹದಿಂದ ಜೇಬಿನ ನಕಲು ತೆಗೆದ. "ನಾನ್ ಓದ್ತೀನಿ ಮೇಡಂ, ನೀವು ನೋಡ್ಕಳಿ. ಕೊನೇಲಿ ನಾಲ್ಕು, ಏಳು, ಒಂದು, ಆರು."

ಎಲ್ಲರೂ ಸುನಂದಮ್ಮನ ಕಡೆ ನೋಡಿದರು. ಅವರ ಕೈ ಚೀಲದೊಳಗೆ, ಮಡಿಸಿದ ಕಾಗದದ ಮೇಲಿತ್ತು. ಹೇಳಲು ತಲೆಯೆತ್ತಿದರು.

ಬೆಂಚಿನ ಮುಂದೆ ನಿಂತಿದ್ದ ವೆಂಕಟೇಶ ಅವರನ್ನೇ ನೋಡುತ್ತಿದ್ದ. ಬೇರೆ ಯಾರಿಗೂ ಕಾಣದಷ್ಟು ಮೆಲ್ಲಗೆ ತಲೆಯನ್ನು ಅಡ್ಡಡ್ಡ ಆಡಿಸಿದ. ಬೇಡ.

ಸುನಂದಮ್ಮ ಕಾಗದವನ್ನು ಚೀಲದೊಳಗೇ ಬಿಟ್ಟರು. ಈ ಜೀಪನ್ನು ಮೂಳೆಯವರೆಗೆ ಬಿಚ್ಚಿದವನು ಇವನು. ಚಾಸಿಯ ಒಂದೊಂದು ಇಂಚನ್ನೂ ಕೆರೆದು ಬಣ್ಣ ಬಳಿದವನು. ಇವನಿಗೆ ನಂಬರು ಮೂರು ವರ್ಷದಿಂದ ಗೊತ್ತಿದೆ. ಸೋಮವಾರ ಪ್ರಿಂಟು ತೆಗೆಯುತ್ತಾರೆಂದು ಮಲ್ಲಾಜಮ್ಮನಿಗೆ ಎರಡು ಸಲ ಹೇಳಿದವನೂ ಇವನೇ. ಗೊತ್ತಿದ್ದೂ ಒಂಬತ್ತು ದಿನ ಈ ಬೆಂಚಿನ ಮೇಲೆ ಬಾಯಿ ಬಿಡದೆ ಕುಳಿತಿದ್ದಾನೆ.

ಯಾರನ್ನು ಉಳಿಸಲು?

"ಮೇಡಂ?" ಎಂದಳು ಬೃಂದಾ. "ತಾಳೆಯಾಗುತ್ತಾ?"

ಮಲ್ಲಾಜಮ್ಮ ಜೀಪಿನಿಂದ ಇಳಿದರು. ಹಿಂದಿನ ಸೀಟಿನಡಿಯಿಂದ, ಮನೆಯಿಂದ ತಂದಿದ್ದ ಊಟದ ಸ್ಟೀಲಿನ ಕ್ಯಾರಿಯರ್ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಅಂಗಳ ದಾಟಿ ವೆಂಕಟೇಶನ ಹತ್ತಿರ ಹೋದರು. ಮುಚ್ಚಳ ತೆಗೆದರು. ಮುದ್ದೆಯಿಂದ ಇನ್ನೂ ಆವಿ ಏಳುತ್ತಿತ್ತು. ಅದನ್ನು ಅವನ ಎರಡೂ ಕೈಗೆ ಕೊಟ್ಟರು. ಯಾರನ್ನು ಉಳಿಸಲೆಂದು ಸುನಂದಮ್ಮನಿಗೆ ಆಗ ಗೊತ್ತಾಯಿತು.